ಮಾರಿದ ಓಮ್ನಿಯ ಯಜಮಾನರು

ನಮ್ಮ ಕಡೆ ಹಸು ಮಾರಿದವರು ಹಗ್ಗ ಕೊಡುವುದಿಲ್ಲ. ಕೊಂಡವನು ತಾನೇ ಹೊಸ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಗ್ಗವನ್ನೂ ಕೊಟ್ಟುಬಿಟ್ಟರೆ ಕೊಟ್ಟಿಗೆಯ ಲಕ್ಷ್ಮಿ ಅದರ ಹಿಂದೆಯೇ ಹೊರಟುಹೋಗುತ್ತಾಳಂತೆ. ಹಸುವಿನ ಮಟ್ಟಿಗೆ ಇದರಿಂದ ಯಾರಿಗೂ ನಷ್ಟವಿಲ್ಲ, ಹಗ್ಗ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಆದರೆ ನನ್ನ ಗಂಡನ ಸೋದರಮಾವ ಎಂಬ ಮಹಾನುಭಾವರು ಈ ಶಾಸ್ತ್ರವನ್ನು ಓಮ್ನಿ ವ್ಯಾನಿಗೂ ಹಚ್ಚಿದರು. ವ್ಯಾನು ನನಗೆ ಮಾರಿದರು, ದುಡ್ಡು ಪೂರ್ತಿ ತೆಗೆದುಕೊಂಡರು, ಅದರ ಆರ್‌ಸಿ ಕಾರ್ಡನ್ನೂ ಎರಡನೆಯ ಕೀಯನ್ನೂ ಮಾತ್ರ ‘ಹಗ್ಗ’ ಎಂದು ತಮ್ಮ ಬಳಿಯೇ ಇಟ್ಟುಕೊಂಡರು.

ಮಾವನವರದು ತಿಪಟೂರಿನಲ್ಲಿ ಕೊಬ್ಬರಿ ಮಂಡಿ. ಬೆಳಗ್ಗೆ ಎದ್ದು ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಗಾದಿಯ ಮೇಲೆ ಕೂತರೆಂದರೆ ಸತ್ಯ, ಧರ್ಮ, ಮಾತು, ಮರ್ಯಾದೆ ಇವುಗಳ ಬಗ್ಗೆ ಮಧ್ಯಾಹ್ನದವರೆಗೂ ಪುಕ್ಕಟೆ ಉಪನ್ಯಾಸ. ಮಾದರಿ ನೋಡುತ್ತೇನೆಂದು ರೈತರ ಚೀಲದಿಂದ ತೆಗೆದ ಉಂಡೆ ಕೊಬ್ಬರಿಯನ್ನು ಅವರು ವಾಪಸು ಚೀಲಕ್ಕೆ ಹಾಕಿದ್ದನ್ನು ಮಾತ್ರ ನಾನು ಈವರೆಗೆ ಕಂಡಿಲ್ಲ. ನೆಂಟರಲ್ಲೆಲ್ಲ ದೊಡ್ಡ ಮನುಷ್ಯರು ಎಂದು ಹೆಸರು. ದೊಡ್ಡ ಮನುಷ್ಯರೆಂದರೆ ನಮ್ಮಲ್ಲಿ ಯಾರೂ ಎದುರು ಮಾತಾಡದೆ ಇರುವುದರಿಂದ ಹಾಗಾದವರು. ಎದುರು ಮಾತಾಡದವರ ಸಾಲಿನಲ್ಲಿ ಮೊದಲು ನಿಲ್ಲುವವರು ನನ್ನ ಗಂಡ. ಅವರನ್ನು ನಾನು ನಮ್ಮವರು ಎನ್ನುತ್ತೇನೆ. ರೂಢಿ, ಅಷ್ಟೇ.

ನಾನು ಮಾಯಸಂದ್ರದ ಆಚೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ಮನೆ ತುರುವೇಕೆರೆಯಲ್ಲಿ. ಮದುವೆಯಾಗಿ ಬಂದಾಗಿನಿಂದ ಸಂಬಳ ತಂದಿದ್ದೇನೆ. ಆ ಸಂಬಳ ತೆಂಗಿನ ಗಿಡವಾಗಿದೆ, ಬೋರ್‌ವೆಲ್ ಆಗಿದೆ, ಮನೆಯ ಮೇಲಿನ ಅಂತಸ್ತಾಗಿದೆ. ತೋಟ ನಮ್ಮವರ ಹೆಸರಿನಲ್ಲಿದೆ. ಮನೆ ನಮ್ಮವರ ಮತ್ತು ಅವರ ತಮ್ಮನ ಹೆಸರಿನಲ್ಲಿದೆ. ಬೋರ್‌ವೆಲ್ಲಿನ ಕರೆಂಟಿನ ಮೀಟರು ಇವತ್ತಿಗೂ ನಮ್ಮವರ ತೀರಿಕೊಂಡ ಅಪ್ಪನ ಹೆಸರಿನಲ್ಲೇ ಇದೆ. ಸತ್ತವರಿಗೂ ಒಂದು ಮೀಟರಿದೆ, ನನಗಿಲ್ಲ. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅಂತ ನನ್ನ ಹೆಸರೇನೋ ಇದೆ. ಅದು ಸರ್ಕಾರ ಹೇಳಿದ್ದಕ್ಕೆ ಬಂದದ್ದು, ಮನೆಯವರು ಹಾಕಿಸಿದ್ದಲ್ಲ.

ಹಾಗಾಗಿ ಓಮ್ನಿ ಕೊಳ್ಳುವಾಗ ಒಂದೇ ಮಾತು ಹೇಳಿದ್ದೆ: ಗಾಡಿ ನನ್ನ ಹೆಸರಿಗೆ ಆಗಬೇಕು. ಹೊಸದಾಗಿರಬೇಕು, ಬಣ್ಣ ಚೆನ್ನಾಗಿರಬೇಕು ಎಂಬ ಆಸೆ ಇರಲಿಲ್ಲ. ಮಾವನವರ ಮಂಡಿಯಲ್ಲಿ ವರ್ಷಗಟ್ಟಲೆ ಚೀಲ ಹೊತ್ತ ಬಿಳಿ ಓಮ್ನಿ ಅದು. ಬಾಗಿಲು ತೆಗೆದರೆ ಹಳೆ ಕೊಬ್ಬರಿಯ ಜಿಡ್ಡು ವಾಸನೆ ಗಪ್ಪೆಂದು ಮುಖಕ್ಕೆ ಹೊಡೆಯುತ್ತಿತ್ತು. ನಾನು ಗಾಡಿ ಕಲಿತಿದ್ದೆ, ಲೈಸೆನ್ಸ್ ತೆಗೆದುಕೊಂಡಿದ್ದೆ. ನಮ್ಮವರಿಗೆ ಸ್ಕೂಟರು ಬಿಟ್ಟರೆ ಬೇರೇನೂ ಓಡಿಸಲು ಬಾರದು.

ಯುಗಾದಿ ಕಳೆದು ಒಂದು ಒಳ್ಳೆಯ ದಿನ ನೋಡಿ ಮಂಡಿಯ ಮುಂದೆ ಪೂಜೆ ಮಾಡಿದರು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು, ಕಾಯಿ ಒಡೆದರು. ಅದೂ ಒಣಕಲು ಕಾಯಿ. ಆಮೇಲೆ ಮಾವನವರು ಒಂದು ಕೀಯನ್ನು ನಮ್ಮವರ ಕೈಗೆ ಕೊಟ್ಟರು. ನನ್ನ ಕೈಗಲ್ಲ. ಆರ್‌ಸಿ ಕಾರ್ಡನ್ನೂ ಇನ್ನೊಂದು ಕೀಯನ್ನೂ ಕಣ್ಣಿಗೊತ್ತಿಕೊಂಡು ಗೋಡೆಯ ಮೇಲಿನ ಲಕ್ಷ್ಮಿ ಪಟದ ಹಿಂದೆ ಇಟ್ಟರು.

“ಮಾವ, ಆ ಕಾರ್ಡು ಬೇಕಲ್ಲ, ಹೆಸರು ಬದಲಾಯಿಸೋಕೆ?” ಎಂದೆ.

“ಅದು ಹಗ್ಗ ಕಣಮ್ಮ. ಹಗ್ಗ ಕೊಟ್ಟು ಕಳಿಸ್ತಾರಾ ಯಾರಾದ್ರೂ? ಗಾಡಿ ನಿನ್ದೇ, ಓಡುಸ್ಕೋ ಹೋಗು. ನಂದೇನು ತಕರಾರೈತಾ?”

“ಹಸುಗೆ ಆರ್‌ಸಿ ಇರಲ್ಲ ಮಾವ.”

ಅವರು ನನ್ನ ಮುಖ ನೋಡಲಿಲ್ಲ, ನಮ್ಮವರ ಮುಖ ನೋಡಿದರು. “ಏನ್ಲಾ, ಟೀಚರಮ್ಮ ನಂಗೂ ಪಾಠ ಮಾಡ್ತಾಳಲ್ಲಾ” ಎಂದು ನಕ್ಕರು. ಗುಮಾಸ್ತೆ ನಕ್ಕ, ಹಮಾಲರು ನಕ್ಕರು, ನಮ್ಮವರೂ ಹಲ್ಲು ಕಿರಿದರು. ದಾರಿಯಲ್ಲಿ ನಾನು ಉರಿದುಬಿದ್ದರೆ ನಮ್ಮವರು, “ಇಷ್ಟಕ್ಕೆಲ್ಲ ಯಾಕ್ ಸಿಟ್ಟು ಮಾಡ್ಕೋತೀಯ ಬುಡು, ದೊಡ್ಡೋರು, ಕೊಡ್ತಾರೆ” ಎಂದರು. ನಮ್ಮವರ ನಿಘಂಟಿನಲ್ಲಿ ‘ಬುಡು’ ಎಂಬ ಮಾತಿಗಿಂತ ಹೆಚ್ಚು ಬಳಕೆಯಾದ ಮಾತು ಇನ್ನೊಂದಿಲ್ಲ.

ಕೊಡುತ್ತಾರೆ ಎಂದು ಕಾದೆ. ಜ್ಯೇಷ್ಠದಲ್ಲಿ ಕೇಳಿದರೆ, ಮಗಳನ್ನು ಹೆರಿಗೆಗೆ ಕರೆತಂದಿದ್ದೇವೆ, ಈಗ ಮನೆಯಿಂದ ಏನೂ ಆಚೆ ಹೋಗಬಾರದು. ಆಷಾಢದಲ್ಲಿ ಯಾವ ಒಳ್ಳೆಯ ಕೆಲಸವೂ ಕೂಡದು. ಶ್ರಾವಣದಲ್ಲಿ ಕೇಳಿದರೆ, “ವರಮಾಲಕ್ಷ್ಮಿ ಹಬ್ಬ ಮುಂದಿಟ್ಕೊಂಡು ಲಕ್ಷ್ಮಿನ ಕೇಳ್ತೀಯಲ್ಲಮ್ಮ, ನೀನೂ ಒಬ್ಳು ಹೆಣ್ಣೆಂಗ್ಸಾ?” ಪಿತೃಪಕ್ಷದಲ್ಲಿ ಕೇಳುವುದೇ ತಪ್ಪು. ಆಯುಧಪೂಜೆಗೆ ಕಾರ್ಡು ಪೂಜೆಗೆ ಇಡಬೇಕು. ದೀಪಾವಳಿಯಲ್ಲಿ ಮಂಡಿಯ ಲಕ್ಷ್ಮೀಪೂಜೆ. ಪಂಚಾಂಗ ಬರೆದವರಿಗೂ ತಮ್ಮ ಪುಸ್ತಕ ಇಂಥ ಕೆಲಸಕ್ಕೆ ಬರುತ್ತದೆಂದು ಗೊತ್ತಿರಲಾರದು. ಇಷ್ಟೆಲ್ಲ ತಿಂಗಳಲ್ಲಿ ಅವರ ಮಂಡಿಯ ವ್ಯಾಪಾರ ಒಂದು ದಿನವೂ ನಿಲ್ಲಲಿಲ್ಲ, ಅವರು ಒಂದು ಹೊಸ ಪಿಕಪ್ಪನ್ನೂ ಕೊಂಡರು. ಅದಕ್ಕೆ ಆಷಾಢ ಅಡ್ಡ ಬರಲಿಲ್ಲ.

ನಡುವೆ ಒಂದು ಸಲ ತಿಪಟೂರಿನ ಏಜೆಂಟರ ಹತ್ತಿರ ನಾನೇ ಹೋದೆ. ಕಾರ್ಡಿನ ಫೋಟೋ ನಮ್ಮವರ ಫೋನಿನಲ್ಲಿತ್ತು. ಅವರು ಕಂಪ್ಯೂಟರಿನಲ್ಲಿ ಏನೇನೋ ಒತ್ತಿ, “ಮೇಡಂ, ಹಳೇ ಓನರ್ ನಂಬರಿಗೆ ಓಟಿಪಿ ಹೋಗೈತೆ, ಕೇಳಿ ಹೇಳಿ” ಎಂದರು. ಮಾವನವರಿಗೆ ಫೋನು ಮಾಡಿದೆ.

“ಓಟಿಪಿ ಯಾರ್ಗೂ ಹೇಳ್ಬೇಡಿ ಅಂತ ಫೋನಲ್ಲೇ ಬಡ್ಕೋತಾರಲ್ಲಮ್ಮ ದಿನಾ. ನೀನು ಓದಿರೋಳು, ನಿಂಗೊತ್ತಿಲ್ವಾ?” ಎಂದು ಇಟ್ಟುಬಿಟ್ಟರು.

ಏಜೆಂಟರು ನನ್ನ ಕಡೆ ಕನಿಕರದಿಂದ ನೋಡಿ, “ಯಜಮಾನ್ರನ್ನ ಕಳ್ಸಿ ಮೇಡಂ, ಗಂಡಸ್ರು ಗಂಡಸ್ರು ಮಾತಾಡ್ಕೋತಾರೆ” ಎಂದು ಬುದ್ಧಿ ಹೇಳಿದರು. ನಮ್ಮವರನ್ನು ಕಳಿಸಿದೆ. ಮಾವನವರ ಮನೆಯಲ್ಲಿ ಊಟ ಮಾಡಿ, ಒಂದು ಚೀಲ ಕರಟ ಒಲೆಗೆ ಆಗುತ್ತದೆಂದು ಹೊತ್ತುಕೊಂಡು ಬಂದರು. ನಮ್ಮ ಮನೆಯಲ್ಲಿ ಕರಟ ಉರಿಸುವ ಒಲೆಯೇ ಇಲ್ಲ.

ಇಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತೇನೋ. ಹಗ್ಗ ತಮ್ಮ ಕೈಯಲ್ಲಿರುವುದರಿಂದ ಗಾಡಿಯೂ ಮುಕ್ಕಾಲು ಪಾಲು ತಮ್ಮದೇ ಎಂದು ಅವರ ಮನೆಯವರೆಲ್ಲ ಅಂದುಕೊಂಡುಬಿಟ್ಟರು. ಸಂಪಿಗೆ ಎಂಬ ಊರಿನ ಕಡೆ ಅವರದೊಂದು ತೋಟವಿದೆ. ಅಲ್ಲಿಂದ ಚೀಲ ತರಬೇಕಾದಾಗಲೆಲ್ಲ ಫೋನು: “ನಮ್ ಗಾಡಿ ಕಳ್ಸಮ್ಮ.” ನೆಂಟರ ಮದುವೆಗೆ “ನಮ್ ಗಾಡಿ”. ದೇವಸ್ಥಾನಕ್ಕೆ “ನಮ್ ಗಾಡಿ”. ಹೊಸ ಪಿಕಪ್ಪು ಮಣ್ಣಾಗುತ್ತದೆಂದು ಅದನ್ನು ಶೆಡ್ಡಿನಲ್ಲಿ ಬಟ್ಟೆ ಹೊದಿಸಿ ಮಲಗಿಸುತ್ತಿದ್ದರು. ಪೆಟ್ರೋಲಿನ ದುಡ್ಡಿನ ಮಾತೇ ಇಲ್ಲ, ಗಾಡಿ ವಾಪಸು ಬಂದಾಗ ಹಿಂದಿನ ಸೀಟಿನ ತುಂಬ ನಾರು. ಒಂದೆರಡು ಸಲ ಕೊಟ್ಟೆ. ಆಮೇಲೆ, ಸ್ಕೂಲಿಗೆ ಬೇಕು, ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ಅವತ್ತಿನಿಂದ ನಾನು ನೆಂಟರ ಬಾಯಲ್ಲಿ ಜಂಭದ ಟೀಚರಮ್ಮ ಆದೆ. ನನಗೇನೂ ಬೇಸರವಾಗಲಿಲ್ಲ. ಆ ಬಾಯಿಗಳಿಂದ ಒಳ್ಳೆಯವಳು ಅನ್ನಿಸಿಕೊಳ್ಳಲು ಏನೇನು ಮಾಡಬೇಕು ಎಂಬುದನ್ನು ನಮ್ಮವರನ್ನು ನೋಡಿ ತಿಳಿದುಕೊಂಡಿದ್ದೆ.

ಕಾರ್ತೀಕದಲ್ಲಿ ಒಂದು ದಿನ ಸ್ಕೂಲು ಬಿಟ್ಟು ಆಚೆ ಬಂದರೆ ಹುಣಸೆಮರದ ಕೆಳಗೆ ನಿಲ್ಲಿಸಿದ್ದ ಓಮ್ನಿ ಇಲ್ಲ. ನಿಂತಿದ್ದ ಜಾಗದಲ್ಲಿ ಎಣ್ಣೆ ಸೋರಿದ ಕಲೆ ಮಾತ್ರ ಇತ್ತು. ನಮ್ಮವರಿಗೆ ಫೋನು ಮಾಡಿದೆ.

“ಗಾಬರಿ ಆಗ್ಬೇಡ್ವೇ, ಮಾವನ ಅಳಿಯ ತಗೊಂಡೋಗಿರ್ತಾನೆ. ಅವ್ರತ್ರ ಇನ್ನೊಂದ್ ಕೀ ಐತಲ್ಲ” ಎಂದರು, ಮಳೆ ಬಂದರೆ ಮೋಡ ಇರುತ್ತದಲ್ಲ ಎನ್ನುವಷ್ಟು ಆರಾಮಾಗಿ.

“ನನ್ನ ಕೇಳ್ದೆ?”

“ನೀನ್ ಕೊಡಲ್ಲ ಅಂತೀಯಲ್ಲ, ಅದಕ್ಕೇ ಕೇಳಿರಲ್ಲ.”

ನನ್ನ ಜೊತೆಯ ಟೀಚರೊಬ್ಬರ ಸ್ಕೂಟರಿನ ಹಿಂದೆ ಕೂತು ಮನೆಗೆ ಬಂದೆ. ಸಂಜೆ ಓಮ್ನಿ ನಮ್ಮ ಮನೆಯ ಮುಂದೆ ನಿಂತಿತ್ತು. ಎಡಗಡೆಯ ಲೈಟು ಒಡೆದಿತ್ತು, ಮುಂದಿನ ತಗಡು ಒಳಕ್ಕೆ ಹೋಗಿತ್ತು. ಮಾವನವರ ಮಗಳ ಗಂಡ, ಅಂದರೆ ಆ ಅಳಿಯ, ಕೀಯನ್ನು ಜೇಬಿಗೆ ಹಾಕಿಕೊಂಡು ಯಾರಿಗೂ ಹೇಳದೆ ಬಸ್ಸು ಹತ್ತಿದ್ದ. ಗರಿಗರಿ ಅಂಗಿ, ಕಪ್ಪು ಕನ್ನಡಕ, ಮಾವನ ಮಂಡಿಯಲ್ಲಿ ಕೂತು ಮಾವನ ದುಡ್ಡಿನಲ್ಲೇ ಮಾವನಿಗೆ ಕಾಫಿ ತರಿಸುವುದು ಅವನ ಉದ್ಯೋಗ.

ಮಾರನೆಯ ದಿನ ಠಾಣೆಯಿಂದ ಮಾವನವರಿಗೆ ಫೋನು ಬಂತು. ಅವರ ಅಳಿಯ ಚೀಲ ತುಂಬಿಕೊಂಡು ಬರುವಾಗ ರಸ್ತೆ ಬದಿಯ ಪಂಕ್ಚರ್ ಅಂಗಡಿಯೊಂದಕ್ಕೆ ಗುದ್ದಿದ್ದ. ಶೆಡ್ಡಿನ ಕಂಬ ಮುರಿದು ಶೀಟು ಕೆಳಗೆ ಬಂದಿತ್ತು, ಗಾಳಿ ಹಾಕುವ ಕಂಪ್ರೆಸರು ಜಜ್ಜಿಹೋಗಿತ್ತು. ದೇವರ ದಯೆ, ಯಾರಿಗೂ ಪೆಟ್ಟಾಗಿರಲಿಲ್ಲ. ಅಳಿಯ ಮಹಾಶಯ ಇಳಿದು ನೋಡುವ ಗೋಜಿಗೂ ಹೋಗದೆ ಗಾಡಿ ಹೊಡೆದುಕೊಂಡು ಬಂದಿದ್ದ. ಅಂಗಡಿಯವರು ನಂಬರು ಬರೆದುಕೊಂಡು ದೂರು ಕೊಟ್ಟಿದ್ದರು. ನಂಬರು ಹಾಕಿದರೆ ಮಾವನವರ ಹೆಸರು ಬಂತು. ಬರದೆ ಇನ್ನೇನು?

ಮಾವನವರು ಅಲ್ಲಿ ಏನು ಹೇಳಿದರೋ, ನಮ್ಮಿಬ್ಬರನ್ನೂ ಠಾಣೆಗೆ ಬರಹೇಳಿದರು. ಹೋದರೆ, ಬೆಂಚಿನ ಮೇಲೆ ಪಂಕ್ಚರ್ ಅಂಗಡಿಯ ವಯಸ್ಸಾದ ಸಾಬರು, ಅವರ ಪಕ್ಕ ಕನ್ನಡಕ ತೆಗೆದು ಜೇಬಿಗಿಟ್ಟ ಅಳಿಯ. ಮಾವನವರು ಎಸ್‌ಐ ಮೇಜಿನ ಮುಂದೆ ಕೈಕಟ್ಟಿ ನಿಂತಿದ್ದರು. ಅವರು ಕೈಕಟ್ಟಿ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ನನ್ನನ್ನು ನೋಡಿದ್ದೇ ತಡ, ದೀಪ ಹತ್ತಿದಂತೆ ಅವರ ಮುಖ ಬೆಳಗಿತು.

“ಬಂದ್ರು ನೋಡಿ ಸ್ವಾಮಿ, ಗಾಡಿ ಓನರು! ಈ ಯಮ್ಮಂದೇ ಗಾಡಿ. ನಾನು ಯುಗಾದಿಲೇ ಮಾರಿಬುಟ್ಟೆ. ನಂಗೂ ಅದಕ್ಕೂ ಸಂಬಂಧವೇ ಇಲ್ಲ.”

ತಿಂಗಳುಗಟ್ಟಲೆ ಯಾವ ಮಾತಿಗಾಗಿ ನಾನು ಅವರ ಬಾಗಿಲಿಗೆ ಅಲೆದಿದ್ದೆನೋ ಆ ಮಾತು ಅವರ ಬಾಯಿಂದ ಹೀಗೆ ಉದುರಿತು. ಚೀಲ ಹೊರುವಾಗ ‘ನಮ್ ಗಾಡಿ’. ಕಂಬ ಮುರಿದಾಗ ‘ಈ ಯಮ್ಮನ ಗಾಡಿ’. ನನಗೆ ಅಸಹ್ಯವಾಯಿತು. ನಮ್ಮವರು ನನ್ನ ಸೆರಗಿನ ಅಂಚು ಎಳೆದು, “ಹೂಂ ಅನ್ಬೇಡ, ಕೇಸು ನಮ್ ತಲೆಗೆ ಬತ್ತದೆ. ಆರ್‌ಸಿಲಿ ಅವ್ರ ಹೆಸರೈತೆ, ಅವ್ರೇ ನೋಡ್ಕೊಳ್ಳಿ” ಎಂದು ಪಿಸುಗುಟ್ಟಿದರು. ಇಷ್ಟು ದಿನದಲ್ಲಿ ಅವರು ಮಾವನ ವಿರುದ್ಧ ಆಡಿದ ಮೊದಲ ಮಾತು, ಅದೂ ನನ್ನ ಗಾಡಿಯನ್ನು ಬಿಟ್ಟುಕೊಡಲು.

“ಆರ್‌ಸಿಲಿ ನಿಮ್ಮ ಹೆಸರೇ ಇದೆಯಲ್ರೀ” ಎಂದರು ಎಸ್‌ಐ ಮಾವನವರಿಗೆ.

“ಬರ್ದುಕೊಡ್ತೀನಿ ಸ್ವಾಮಿ, ಈಗ್ಲೇ ಬರ್ದುಕೊಡ್ತೀನಿ. ಮಾರಿದೀನಿ, ದುಡ್ಡು ಬಂದೈತೆ ಅಂತ.” ಪೆನ್ನು ತೆಗೆದರು, ಮೊದಲ ಸಾಲಿಗೇ ತಡವರಿಸಿದರು. ನನ್ನ ಕಡೆ ತಿರುಗಿ, “ಟೀಚರಮ್ಮ, ನೀನೇ ಬರ್ಯಮ್ಮ, ನಿನ್ ಅಕ್ಷರ ಮುತ್ತಿನಂಗಿರ್ತದೆ” ಎಂದು ಬೆಣ್ಣೆ ಸವರಿದರು.

ಬರೆದೆ. ಮೇಜಿನ ತುದಿಯಲ್ಲಿ ಕೂತು, ಮಕ್ಕಳಿಗೆ ಪತ್ರಲೇಖನ ಹೇಳಿಕೊಡುವಾಗಿನ ಶ್ರದ್ಧೆಯಿಂದ ಬರೆದೆ. ಓಮ್ನಿಯನ್ನು ಯುಗಾದಿಯಾದ ಮೇಲೆ ನನಗೆ ಮಾರಿದ್ದಾಗಿ, ಹಣ ಪೂರ್ತಿ ಸಂದಿದ್ದಾಗಿ, ಅಂದಿನಿಂದ ಈ ವಾಹನದ ಮೇಲೆ ತಮಗಾಗಲಿ ತಮ್ಮ ಮನೆಯವರಿಗಾಗಲಿ ಯಾವ ಹಕ್ಕೂ ಇಲ್ಲವೆಂಬುದಾಗಿ. ‘ತಮ್ಮ ಮನೆಯವರಿಗಾಗಲಿ’ ಎಂಬುದು ಅವರು ಹೇಳಿದ್ದಲ್ಲ. ಗಟ್ಟಿಯಾಗಿ ಓದಿ ಹೇಳಿದೆ. “ಸರ್ಯಾಗೈತೆ, ಭಾಳ ಸರ್ಯಾಗೈತೆ” ಎಂದು ತಲೆಯಾಡಿಸಿ ಸಹಿ ಹಾಕಿದರು. ಅಳಿಯನೂ ಸಾಕ್ಷಿಯೆಂದು ಸಹಿ ಹಾಕಿದ. ಇಬ್ಬರೂ ಉಸಿರು ಬಿಟ್ಟರು. ಮಾವನವರು ನಮ್ಮವರ ಕಡೆ ಕಣ್ಣು ಮಿಟುಕಿಸಿದ್ದನ್ನೂ ನೋಡಿದೆ. ಹೆಂಗಸಿನ ತಲೆಗೆ ಕಟ್ಟಿಬಿಟ್ಟೆವು ಎಂಬ ಗೆಲುವು ಆ ಮುಖದಲ್ಲಿತ್ತು. ದೊಡ್ಡ ಮನುಷ್ಯರ ಬುದ್ಧಿವಂತಿಕೆ ಎಷ್ಟು ಚಿಕ್ಕದೆಂದು ಇಷ್ಟು ಹತ್ತಿರದಿಂದ ನಾನು ಯಾವತ್ತೂ ನೋಡಿರಲಿಲ್ಲ.

“ಏನ್ ಮೇಡಂ, ಒಪ್ಪುತ್ತೀರಾ? ಗಾಡಿ ನಿಮ್ದಾ?” ಎಂದು ಎಸ್‌ಐ ಕೇಳಿದರು.

“ಹೌದು ಸಾರ್. ಗಾಡಿ ನಂದು.”

ನಮ್ಮವರು ಹಣೆ ಹಣೆ ಚಚ್ಚಿಕೊಂಡರು.

“ಹಾಗಾದ್ರೆ ನಿನ್ನೆ ಇವರಿಗೆ ಗಾಡಿ ಕೊಟ್ಟವ್ರು ನೀವೇ?”

“ಇಲ್ಲ ಸಾರ್. ನಾನು ಕ್ಲಾಸಲ್ಲಿದ್ದೆ. ನನ್ನ ಕೀ ನನ್ನ ಬ್ಯಾಗಲ್ಲಿತ್ತು. ಆಚೆ ಬಂದು ನೋಡಿದ್ರೆ ಗಾಡಿ ಇರ್ಲಿಲ್ಲ. ಯಾರು ತಗೊಂಡೋದ್ರು, ಯಾವ ಕೀ ಹಾಕಿ ತಗೊಂಡೋದ್ರು, ಅವ್ರನ್ನೇ ಕೇಳಿ.”

ಎಸ್‌ಐ ಪೆನ್ನನ್ನು ಮೇಜಿನ ಮೇಲಿಟ್ಟು ಅಳಿಯನ ಕಡೆ ತಿರುಗಿದರು. ಅಳಿಯ ಮಾವನ ಕಡೆ ನೋಡಿದ. ಮಾವನವರು ಈಗಷ್ಟೇ ಸಹಿ ಹಾಕಿದ ಕಾಗದದ ಕಡೆ ನೋಡಿದರು. ಅವರಿಗೆ ಅರ್ಥವಾಗಲು ಒಂದಿಷ್ಟು ಹೊತ್ತು ಬೇಕಾಯಿತು, ಅರ್ಥವಾದಾಗ ಮುಖ ಹುಳ್ಳಗಾಯಿತು. ಬೇರೆಯವರ ಗಾಡಿಯನ್ನು ಕೇಳದೆ ಹೊಡೆದುಕೊಂಡು ಹೋಗುವುದಕ್ಕೆ ಠಾಣೆಯಲ್ಲಿ ಏನೆನ್ನುತ್ತಾರೆ ಎಂಬುದು ಅವರಿಗೂ ಗೊತ್ತಿತ್ತು. ಬೆಂಚಿನ ಮೇಲಿದ್ದ ಸಾಬರು ಬಾಯಿಗೆ ಟವೆಲ್ ಅಡ್ಡ ಹಿಡಿದು ಕೆಮ್ಮಿದರು. ಅದು ನಗು ಎಂದೇ ನನ್ನ ನಂಬಿಕೆ.

“ಅಯ್ಯೋ, ಮನೆ ಮಕ್ಕಳು ಸ್ವಾಮಿ, ನಮ್ಮನಮ್ಮಲ್ಲಿ ಏನೈತೆ ಅಂಥದ್ದು…” ಎಂದು ಮಾವನವರು ಶುರು ಮಾಡಿದರು.

“ಕಂಪ್ಲೇಂಟ್ ಕೊಡ್ತೀರಾ ಮೇಡಂ?” ಎಂದು ಎಸ್‌ಐ ಕೇಳಿದರು.

ಕೊಡಬೇಕೆಂದು ಬಹಳ ಆಸೆಯಾಗಿತ್ತು. ಸುಳ್ಳು ಯಾಕೆ ಹೇಳಲಿ? ಆದರೆ ನನಗೆ ಬೇಕಾಗಿದ್ದದ್ದು ಆ ಕನ್ನಡಕದವನು ಒಳಗೆ ಕೂರುವುದಲ್ಲ, ಗಾಡಿ ನನ್ನ ಹೆಸರಿಗೆ ಬರುವುದು. “ಸಾಬರ ಶೆಡ್ಡು, ಕಂಪ್ರೆಸರು ಇವರು ರಿಪೇರಿ ಮಾಡಿಸ್ಲಿ. ನನ್ನ ಗಾಡಿ ಲೈಟು ಹಾಕಿಸ್ಲಿ. ಆ ಕೀ ಈಗ್ಲೇ ಕೊಡ್ಲಿ. ನಾಳೆ ಬೆಳಗ್ಗೆ ಕಾರ್ಡು ತಗೊಂಡು ತಿಪಟೂರಲ್ಲಿ ಏಜೆಂಟ್ ಹತ್ರ ಬರ್ಲಿ. ಬಂದ್ರೆ ನಂದೇನೂ ಕಂಪ್ಲೇಂಟ್ ಇಲ್ಲ ಸಾರ್” ಎಂದೆ.

“ನಾಳೆ ಅಮಾಸೆ ಕಣಮ್ಮ” ಎಂಬ ಮಾತು ಮಾವನವರ ಬಾಯಿಗೆ ಅಭ್ಯಾಸಬಲದಿಂದ ಬಂದೇಬಿಟ್ಟಿತು. ಎಸ್‌ಐ ಅವರ ಮುಖ ನೋಡಿದ ಮೇಲೆ, “ಆದ್ರೇನಂತೆ, ಬತ್ತೀನಿ” ಎಂದರು.

ಅಮಾವಾಸ್ಯೆಯ ದಿನ, ರಾಹುಕಾಲದಲ್ಲಿ, ಮಾವನವರು ಏಜೆಂಟರ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಫೋನನ್ನು ಕಣ್ಣಿನಿಂದ ದೂರ ಹಿಡಿದು ಓಟಿಪಿಯ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದರು. ಕಾಗದಗಳಿಗೆ ತೋರಿಸಿದ ಕಡೆಯೆಲ್ಲ ಸಹಿ ಹಾಕಿದರು. ಲಕ್ಷ್ಮಿ ಅವರ ಮನೆ ಬಿಟ್ಟಳೋ ಇಲ್ಲವೋ ಕಾಣೆ, ಅವತ್ತೂ ಮಂಡಿಯ ಮುಂದೆ ಲಾರಿ ನಿಂತಿತ್ತು. ಎದ್ದು ಹೊರಡುವಾಗ ನನಗೆ ಒಂದು ಮಾತೂ ಆಡಲಿಲ್ಲ. ನಮ್ಮವರ ಹೆಗಲ ಮೇಲೆ ಕೈಯಿಟ್ಟು, “ಮನೇಲಿ ಹೆಂಗಸ್ರು ಮಾತು ನಡೆಯಕ್ಕೆ ಬುಟ್ರೆ ಹಿಂಗೇ ಕಣ್ಲಾ ಆಗೋದು” ಎಂದು ಹೇಳಿ ಹೋದರು. ನಮ್ಮವರು ಹೂಂಗುಟ್ಟಿದರು. ನನ್ನ ಕಣ್ಣೆದುರಿಗೇ ಹೂಂಗುಟ್ಟಿದರು.

ತುರುವೇಕೆರೆಗೆ ಹೊರಟೆವು. ನಾನು ಓಡಿಸುತ್ತಿದ್ದೆ. ಎರಡೂ ಕಡೆ ತೆಂಗಿನ ತೋಟ, ಬಿಸಿಲು, ರಸ್ತೆಯಲ್ಲಿ ಜನವಿಲ್ಲ. ಏಜೆಂಟರು ಕೊಟ್ಟ ಚೀಟಿ ನನ್ನ ಬ್ಯಾಗಿನಲ್ಲಿತ್ತು, ಕಾರ್ಡು ಪೋಸ್ಟಿನಲ್ಲಿ ಬರುತ್ತದೆ ಎಂದಿದ್ದರು. ನನಗೆ ಎಷ್ಟು ಸಂತೋಷವಾಗಿತ್ತೆಂದರೆ ಯಾರ ಮೇಲೂ ಸಿಟ್ಟೇ ಇರಲಿಲ್ಲ. ಆಗ ನಮ್ಮವರು ಬಾಯಿ ತೆರೆದರು.

“ಇಷ್ಟೆಲ್ಲ ಮಾಡ್ಬಾರ್ದಾಗಿತ್ತು ನೀನು. ಮಾವನ ಮರ್ಯಾದೆ ಹೋಯ್ತು.”

ನಾನು ಗೇರು ಬದಲಾಯಿಸಿದೆ.

“ಒಂದ್ ಹಳೇ ಗಾಡಿಗೋಸ್ಕರ. ಯಾರ ಹೆಸರಲ್ಲಿದ್ರೆ ಏನಾಗ್ತಿತ್ತು? ಹೋಗಿ ಒಂದ್ಸಲ ತಪ್ಪಾಯ್ತು ಅಂದ್ಬುಡು.”

ಇಂಡಿಕೇಟರ್ ಹಾಕಿ, ರಸ್ತೆಯ ಅಂಚಿಗೆ ತೆಗೆದುಕೊಂಡು, ನಿಧಾನವಾಗಿ ನಿಲ್ಲಿಸಿದೆ. ಇಂಜಿನ್ ಆಫ್ ಮಾಡಲಿಲ್ಲ.

“ಇಳೀರಿ” ಎಂದೆ.

ಅವರು ನಕ್ಕರು. ನಾನು ನಗಲಿಲ್ಲ. ಅವರು ನನ್ನ ಮುಖ ನೋಡಿದರು, ಆಮೇಲೆ ಸ್ಟೇರಿಂಗ್ ನೋಡಿದರು, ಆಮೇಲೆ ಬಾಗಿಲು ತೆಗೆದು ಇಳಿದು, ಮಾವನ ಮುಂದೆ ನಿಲ್ಲುವ ಹಾಗೆಯೇ ಕೈ ಎರಡೂ ಮುಂದೆ ಕಟ್ಟಿಕೊಂಡು ರಸ್ತೆ ಬದಿಯಲ್ಲಿ ನಿಂತರು. ಅದನ್ನು ಕಂಡು ನನಗೆ ಒಂದು ಕ್ಷಣ ಅಳು ಬಂತು. ಇಷ್ಟು ವರ್ಷ ಇವರ ಜೊತೆ ಬಾಳಿದ್ದೇನೆ, ಇವರು ಯಾರು ಹೇಳಿದರೂ ಇಳಿಯುವವರೇ ಎಂದು ಇವತ್ತು ಗೊತ್ತಾಯಿತಲ್ಲ ಎಂದು.

ಕಿಟಕಿಯಿಂದ ಬಗ್ಗಿ ಕೇಳಿದೆ:

“ಬಸ್ಸಿಗೆ ದುಡ್ಡು ಇಟ್ಕೊಂಡಿದೀರ? ಗಂಡಸ್ರಿಗೆ ಫ್ರೀ ಇಲ್ಲ.”